ಪೊಟ್ಟಣ ತಲುಪಿದ ಕಡೆಗೆಲ್ಲ ದಾದಿ ತಲುಪಿಲ್ಲ: ಮಕ್ಕಳ ಮರಣ ಇಳಿಕೆಯ ಉಳಿದರ್ಧ ದಾರಿ

ಮಗುವನ್ನು ತಾಯಿಯ ಮಡಿಲಲ್ಲೇ ಬಿಟ್ಟು, ಅಂಗಿ ಮೇಲೆ ಸರಿಸಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಅದರ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಾದರೆ 60, ಎರಡು ತಿಂಗಳಿಂದ ಒಂದು ವರ್ಷದೊಳಗಿನದಾದರೆ 50, ಒಂದರಿಂದ ಐದು ವರ್ಷದ್ದಾದರೆ 40. ಕೆಮ್ಮಿರುವ ಮಗುವಿನ ಉಸಿರಿನ ಎಣಿಕೆ ಈ ಸಂಖ್ಯೆಯನ್ನು ಮುಟ್ಟಿದರೆ ಅಥವಾ ದಾಟಿದರೆ ಅದಕ್ಕೆ ನ್ಯುಮೋನಿಯಾ ಇದೆಯೆಂದೇ ಭಾವಿಸಿ ಮುಂದುವರಿಯಬೇಕು. ಎರಡು ತಿಂಗಳೊಳಗಿನದನ್ನು ಆಸ್ಪತ್ರೆಗೆ ಕಳಿಸಬೇಕು. ಅದಕ್ಕಿಂತ ದೊಡ್ಡದಕ್ಕೆ, ಬೇರೆ ಅಪಾಯದ ಚಿಹ್ನೆಗಳಿಲ್ಲದಿದ್ದರೆ, ನೀರಿನಲ್ಲಿ ಕರಗುವ ಅಮಾಕ್ಸಿಸಿಲಿನ್ ಮಾತ್ರೆಯನ್ನು ಕೆಲವು ದಿನ ಕೊಟ್ಟರೆ ಸಾಕಾಗುತ್ತದೆ. ಎಕ್ಸ್‌ರೇ ಬೇಡ, ರಕ್ತಪರೀಕ್ಷೆ ಬೇಡ, ಸ್ಟೆತೊಸ್ಕೋಪ್ ಕೂಡ ಬೇಡ. ಪಪುವಾ ನ್ಯೂಗಿನಿಯ ಬೆಟ್ಟದ ಸೀಮೆಯಲ್ಲಿ ಕೆಲಸ ಮಾಡಿದ ವೈದ್ಯರ ಅಧ್ಯಯನಗಳಿಂದ ರೂಪುಗೊಂಡ ಈ ವಿಧಾನ ಬಳಕೆಗೆ ಬಂದು ಹಲವು ದಶಕಗಳಾಗಿವೆ. ಹಾಗಿದ್ದೂ ಐದು ವರ್ಷದೊಳಗಿನ ಮಕ್ಕಳನ್ನು ಅತಿ ಹೆಚ್ಚು ಸಂಖ್ಯೆಯಲ್ಲಿ ಕೊಲ್ಲುವ ಸೋಂಕುಗಳಲ್ಲಿ ನ್ಯುಮೋನಿಯಾ ಇಂದಿಗೂ ಮುಂಚೂಣಿಯಲ್ಲಿದೆ. ಮಾತ್ರೆ ಅಗ್ಗ, ಎಣಿಕೆ ಸುಲಭ. ಎಣಿಸುವವರು ಆ ಹೊತ್ತಿಗೆ ಆ ಮನೆಯ ಹತ್ತಿರ ಇರುವುದು ಮಾತ್ರ ಅಪರೂಪ.

ಬಡ ಮತ್ತು ಅಭಿವೃದ್ಧಿಶೀಲ ದೇಶಗಳಲ್ಲಿ ಮಕ್ಕಳ ಮರಣವನ್ನು ಇಳಿಸುವ ಪ್ರಶ್ನೆಯನ್ನು ಹಲವರು ಇಂದಿಗೂ ಔಷಧಿ ಮತ್ತು ಹಣದ ಪ್ರಶ್ನೆಯೆಂದೇ ನೋಡುತ್ತಾರೆ. ಕಳೆದ ಮೂರು ದಶಕಗಳ ಮಟ್ಟಿಗೆ ಆ ನೋಟ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. 1990ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ ಸುಮಾರು 93 ಮಕ್ಕಳು ಐದನೆಯ ಹುಟ್ಟುಹಬ್ಬವನ್ನು ಕಾಣುತ್ತಿರಲಿಲ್ಲ. ಆ ಒಂದೇ ವರ್ಷದಲ್ಲಿ ಸತ್ತ ಮಕ್ಕಳ ಸಂಖ್ಯೆ 1.2 ಕೋಟಿಗೂ ಹೆಚ್ಚು. 2022ರ ಹೊತ್ತಿಗೆ ಆ ಪ್ರಮಾಣ 37ಕ್ಕೆ ಇಳಿಯಿತು, ಸಾವಿನ ಸಂಖ್ಯೆ ಮೊದಲ ಬಾರಿಗೆ 50 ಲಕ್ಷಕ್ಕಿಂತ ಕೆಳಗೆ, ಸುಮಾರು 49 ಲಕ್ಷಕ್ಕೆ ಬಂತು. ಇಷ್ಟು ದೊಡ್ಡ ಇಳಿಕೆಗೆ ಇತಿಹಾಸದಲ್ಲಿ ಹೋಲಿಕೆ ಸಿಗುವುದಿಲ್ಲ. ಆದರೆ ಈ ಇಳಿಕೆಯ ಒಳಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿದೆ, ಅದನ್ನು ಗಮನಿಸದೆ ಮುಂದಿನ ದಾರಿಯ ಬಗ್ಗೆ ಮಾತನಾಡುವುದು ವ್ಯರ್ಥ. ಹುಟ್ಟಿದ ಮೊದಲ 28 ದಿನಗಳಲ್ಲೇ ಸಾಯುವ ಮಕ್ಕಳ ಪಾಲು 1990ರಲ್ಲಿ ಒಟ್ಟು ಸಾವುಗಳ ಸುಮಾರು ಶೇ 40ರಷ್ಟಿತ್ತು. ಈಗ ಅದು ಶೇ 47ರ ಸುಮಾರಿಗೆ ಏರಿದೆ. ಸಂಖ್ಯೆಯಲ್ಲಿ ಹೇಳುವುದಾದರೆ ವರ್ಷಕ್ಕೆ ಸುಮಾರು 23 ಲಕ್ಷ ನವಜಾತ ಶಿಶುಗಳು. ಅಂದರೆ ನಾವು ಗೆದ್ದದ್ದು ಹೆಚ್ಚಾಗಿ ತಿಂಗಳು ಕಳೆದ ಮಕ್ಕಳ ಸಾವನ್ನು. ಹುಟ್ಟಿದ ಗಳಿಗೆಯ, ಹುಟ್ಟಿದ ವಾರದ ಸಾವು ಅಷ್ಟು ಬೇಗ ಬಗ್ಗಿಲ್ಲ.

ಮೊದಲ ಅರ್ಧವನ್ನು ಹೇಗೆ ಗೆದ್ದೆವು ಎಂಬುದಕ್ಕೆ, ಪೊಟ್ಟಣದ ಪುಡಿಯನ್ನು ನೀರಿಗೆ ಬೆರೆಸಿ ಭೇದಿಯಾದವರಿಗೆ ಕುಡಿಸುವ ಓಆರ್‌ಎಸ್‌ಗಿಂತ ಒಳ್ಳೆಯ ಉದಾಹರಣೆಯಿಲ್ಲ. ಸಕ್ಕರೆಯ ಅಂಶ ಜೊತೆಗಿದ್ದರೆ ಕರುಳು ಉಪ್ಪನ್ನೂ ಅದರ ಹಿಂದೆಯೇ ನೀರನ್ನೂ ಒಳಗೆಳೆದುಕೊಳ್ಳುತ್ತದೆ, ಭೇದಿ ಎಷ್ಟೇ ತೀವ್ರವಾಗಿದ್ದರೂ ಈ ಬಾಗಿಲು ಮುಚ್ಚುವುದಿಲ್ಲ ಎಂಬುದು 1960ರ ದಶಕದ ತಿಳಿವಳಿಕೆ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಅದನ್ನು ರೋಗಿಗಳ ಮೇಲೆ ಸಾಬೀತುಪಡಿಸಿದರು. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಗಡಿಯ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ನರಕ್ಕೆ ಏರಿಸುವ ಸಲೈನ್ ಬಾಟಲಿಗಳು ಮುಗಿಯುತ್ತ ಬಂದವು. ವೈದ್ಯ ದಿಲೀಪ್ ಮಹಾಲನಬೀಸ್ ಅವರು ಉಪ್ಪು, ಅಡುಗೆ ಸೋಡಾ ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಯ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸುವಂತೆ ಮಾಡಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗೆ ಇಳಿಯಿತು. ಸೂಜಿ ಚುಚ್ಚಲು ಬಾರದವರ ಕೈಗೂ ಚಿಕಿತ್ಸೆಯನ್ನು ಒಪ್ಪಿಸಬಹುದು ಎಂಬುದು ಅಲ್ಲಿ ಸಿಕ್ಕ ನಿಜವಾದ ಪಾಠ.

ಆ ಪಾಠವನ್ನು ಅತ್ಯಂತ ಗಂಭೀರವಾಗಿ ತೆಗೆದುಕೊಂಡದ್ದು ಬಾಂಗ್ಲಾದೇಶದ ಬ್ರಾಕ್ ಎಂಬ ಸ್ವಯಂಸೇವಾ ಸಂಸ್ಥೆ. 1980ರ ದಶಕವಿಡೀ ಅದರ ಕಾರ್ಯಕರ್ತೆಯರು ಒಂದು ಕೋಟಿಗೂ ಹೆಚ್ಚು ಮನೆಗಳ ಬಾಗಿಲಿಗೆ ಹೋಗಿ, ಒಂದು ಹಿಡಿ ಬೆಲ್ಲ, ಒಂದು ಚಿಟಿಕೆ ಉಪ್ಪು, ಇಷ್ಟು ನೀರು ಎಂದು ತಾಯಂದಿರ ಕೈಯಲ್ಲೇ ಮಾಡಿಸಿ ತೋರಿಸಿದರು. ಅವರ ಸಂಬಳದ ಲೆಕ್ಕಾಚಾರವೂ ಕುತೂಹಲಕರವಾಗಿತ್ತು. ಎಷ್ಟು ಮನೆಗೆ ಹೋದರು ಎಂಬುದಷ್ಟೇ ಮುಖ್ಯವಾಗಿರಲಿಲ್ಲ. ಕೆಲವು ವಾರಗಳ ನಂತರ ಬೇರೊಬ್ಬರು ಬಂದು ಕೇಳಿದಾಗ ತಾಯಿಗೆ ಎಷ್ಟು ನೆನಪಿದೆ, ಆಕೆ ಮಾಡಿದ ದ್ರಾವಣ ಹದವಾಗಿದೆಯೇ ಎಂಬುದರ ಮೇಲೆ ಹಣ ನಿರ್ಧಾರವಾಗುತ್ತಿತ್ತು. ಸರ್ಕಾರಿ ಕಾರ್ಯಕ್ರಮಗಳ ಯಶಸ್ಸನ್ನು ಹಂಚಿದ ಕರಪತ್ರಗಳ ಸಂಖ್ಯೆಯಿಂದ ಅಳೆಯುವವರು ಈ ಒಂದು ನಿಯಮವನ್ನು ಓದಿಕೊಂಡರೂ ಸಾಕಿತ್ತು.

ಓಆರ್‌ಎಸ್ ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಇಂದಿಗೂ ಭೇದಿಯಾದ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೂ ಓಆರ್‌ಎಸ್ ಸಿಗುತ್ತಿಲ್ಲ. ಏಕೆ? ಪೊಟ್ಟಣ ಅಂಗಡಿಯಲ್ಲಿ ಇಲ್ಲವೇ, ಅದರಲ್ಲಿ ಲಾಭ ಕಡಿಮೆಯೆಂದು ವೈದ್ಯರು ಬೇರೆ ಔಷಧಿ ಬರೆಯುತ್ತಾರೆಯೇ, ಅಥವಾ ಜನರಿಗೇ ಬೇಡವೇ? 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಮೂರು ಕಾರಣಗಳನ್ನು ಬೇರ್ಪಡಿಸಿ ನೋಡಿತು. ಕರ್ನಾಟಕ ಮತ್ತು ಬಿಹಾರದ 253 ಪಟ್ಟಣಗಳಲ್ಲಿ 2000ಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ, ಮನೆಯಲ್ಲಿ ಎರಡು ವರ್ಷದ ಮಗುವಿಗೆ ಭೇದಿಯಾಗುತ್ತಿದೆ ಎಂದು ಹೇಳುವ ತಂದೆಯ ವೇಷದಲ್ಲಿ ತರಬೇತಿ ಪಡೆದ ನಟರನ್ನು ಕಳಿಸಲಾಯಿತು. ಅವರಲ್ಲಿ ಕೆಲವರು ತಮಗೆ ಓಆರ್‌ಎಸ್ ಬೇಕೆಂದು ಸೂಚಿಸಿದರು, ಕೆಲವರು ಆ್ಯಂಟಿಬಯಾಟಿಕ್ ಬೇಕೆಂದರು, ಉಳಿದವರು ಏನೂ ಹೇಳಲಿಲ್ಲ. ಫಲಿತಾಂಶದಂತೆ, ಪೊಟ್ಟಣದ ಕೊರತೆಯಾಗಲಿ ಲಾಭದಾಸೆಯಾಗಲಿ ಸಮಸ್ಯೆಯ ಸಣ್ಣ ಪಾಲನ್ನಷ್ಟೇ ವಿವರಿಸುತ್ತಿದ್ದವು; ಅತಿ ದೊಡ್ಡ ಕಾರಣ, ರೋಗಿಯ ಕಡೆಯವರಿಗೆ ಓಆರ್‌ಎಸ್ ಬೇಕಿಲ್ಲವೆಂದು ಚಿಕಿತ್ಸಕರೇ ಊಹಿಸಿಕೊಂಡಿದ್ದುದು. ಕೇಳಿದವರಿಗೆ ಅವರು ಕೊಡುವ ಸಾಧ್ಯತೆ ಬಹಳ ಹೆಚ್ಚಾಗಿತ್ತು. ಅರಿವಿದೆ, ಸರಕೂ ಇದೆ. ಕೌಂಟರಿನ ಆಚೆ ಈಚೆ ಇರುವ ಇಬ್ಬರ ನಡುವೆ ಮಾತು ಆಗಿಲ್ಲ. ಇಂಥ ಕೊರತೆಯನ್ನು ತುಂಬಲು ಇನ್ನೊಂದು ಲಾರಿ ಪೊಟ್ಟಣ ಕಳಿಸಿ ಪ್ರಯೋಜನವಿಲ್ಲ. ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ 10ರಿಂದ 14 ದಿನ ಜಿಂಕ್ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲೇ ಹೇಳಿದವು. ಅದರ ಬಳಕೆಯಂತೂ ಓಆರ್‌ಎಸ್‌ಗಿಂತಲೂ ಹಿಂದುಳಿದಿದೆ.

ಲಸಿಕೆಯ ವಿಷಯದಲ್ಲಿ ಹೆಚ್ಚು ವಾದವಿಲ್ಲ. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರಂಭಿಸಿದ ವಿಸ್ತೃತ ಲಸಿಕಾ ಕಾರ್ಯಕ್ರಮದ 50 ವರ್ಷಗಳಲ್ಲಿ ಲಸಿಕೆಗಳು ಸುಮಾರು 15.4 ಕೋಟಿ ಜೀವ ಉಳಿಸಿವೆಯೆಂದು 2024ರ ಅಂದಾಜು ಹೇಳುತ್ತದೆ, ಅದರಲ್ಲಿ ದಡಾರದ ಲಸಿಕೆಯ ಪಾಲೇ ಅರ್ಧಕ್ಕಿಂತ ಹೆಚ್ಚು. ಮಲೇರಿಯಾದಿಂದ ಸಾಯುವವರಲ್ಲಿ ಬಹುಪಾಲು ಆಫ್ರಿಕಾದ ಐದು ವರ್ಷದೊಳಗಿನ ಮಕ್ಕಳು. ಸೊಳ್ಳೆ ಪರದೆಗಳ ಜೊತೆಗೆ ಈಗ ಅವರಿಗೆ ಎರಡು ಲಸಿಕೆಗಳೂ ಇವೆ, 2021 ಮತ್ತು 2023ರಲ್ಲಿ ಶಿಫಾರಸಾದವು. ಲಸಿಕೆ, ಓಆರ್‌ಎಸ್, ಪರದೆ, ವಿಟಮಿನ್ ಎ ಹನಿ ಇವೆಲ್ಲಕ್ಕೂ ಸಾಮಾನ್ಯವಾದ ಒಂದು ಗುಣವಿದೆ. ಇವು ಪೆಟ್ಟಿಗೆಯಲ್ಲಿ ಕೂತು ಪ್ರಯಾಣ ಮಾಡಬಲ್ಲವು. ವರ್ಷಕ್ಕೆ ನಾಲ್ಕು ದಿನ ಮೊದಲೇ ತಿಳಿಸಿ ಊರಿಗೆ ಬಂದು ಹೋಗುವ ತಂಡವೊಂದು ಇವುಗಳಲ್ಲಿ ಹೆಚ್ಚಿನವನ್ನು ತಲುಪಿಸಬಲ್ಲದು. 1985ರಲ್ಲಿ ಎಲ್ ಸಾಲ್ವಡಾರ್‌ನ ಅಂತರ್ಯುದ್ಧದ ನಡುವೆ, ಯುನಿಸೆಫ್‌ನ ಮುಖ್ಯಸ್ಥರಾಗಿದ್ದ ಜೇಮ್ಸ್ ಗ್ರಾಂಟ್ ಅವರ ಪ್ರಯತ್ನದಿಂದ, ಮಕ್ಕಳಿಗೆ ಲಸಿಕೆ ಹಾಕಲೆಂದು ಎರಡೂ ಕಡೆಯವರು ಕೆಲವು ದಿನ ಬಂದೂಕು ಕೆಳಗಿಟ್ಟದ್ದು ಸಾಧ್ಯವಾದದ್ದೂ ಈ ಗುಣದಿಂದಲೇ: ದಿನ ಗೊತ್ತುಮಾಡಿ ಮುಗಿಸಬಹುದಾದ ಕೆಲಸ ಅದು.

ಹೆರಿಗೆಗೆ ದಿನ ಗೊತ್ತುಮಾಡಲು ಬರುವುದಿಲ್ಲ. ನವಜಾತ ಶಿಶುಗಳ ಸಾವಿನಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ ಆಗುತ್ತದೆ, ಒಟ್ಟು ಸಾವಿನ ಸುಮಾರು ಮೂರನೆಯ ಒಂದು ಪಾಲು ಮೊದಲ ದಿನವೇ. ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಹುಟ್ಟುವಾಗ ಉಸಿರು ಕಟ್ಟಿದ್ದು, ರಕ್ತಕ್ಕೆ ಸೋಂಕು ಏರಿದ್ದು, ಇವು ಮುಖ್ಯ ಕಾರಣಗಳು. ಹುಟ್ಟುವ ಮಕ್ಕಳಲ್ಲಿ ಬಹುಪಾಲು ತಾವಾಗಿಯೇ ಅಳುತ್ತವೆ. ಹತ್ತರಲ್ಲೊಂದರಷ್ಟು ಮಕ್ಕಳಿಗೆ ಮೈ ಒರೆಸಿ ಬೆನ್ನು ತಿಕ್ಕುವಷ್ಟು ಸಹಾಯ ಬೇಕಾಗುತ್ತದೆ. ನೂರರಲ್ಲಿ ಮೂರರಿಂದ ಐದು ಮಕ್ಕಳಿಗೆ ಮಾತ್ರ ಮುಖಕ್ಕೆ ಪುಟ್ಟ ಮುಖವಾಡ ಇಟ್ಟು ರಬ್ಬರಿನ ಚೀಲವನ್ನು ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬಬೇಕಾಗುತ್ತದೆ. ಇದಕ್ಕಿರುವ ಸಮಯ ಸುಮಾರು ಒಂದು ನಿಮಿಷ. ಚೀಲ ದುಬಾರಿಯಲ್ಲ, ಅದು ಕಪಾಟಿನಲ್ಲಿಯೇ ಇರಬಹುದು. ಆದರೆ ಕಪಾಟಿನ ಬೀಗದ ಕೈ ಹಗಲು ಪಾಳಿಯವರ ಬಳಿ ಉಳಿದಿದ್ದರೆ, ಅಥವಾ ಇರುವ ಒಬ್ಬಳೇ ದಾದಿ ರಕ್ತಸ್ರಾವವಾಗುತ್ತಿರುವ ತಾಯಿಯನ್ನು ನೋಡಿಕೊಳ್ಳುತ್ತಿದ್ದರೆ, ಅಥವಾ ಆಕೆ ಚೀಲವನ್ನು ಕೊನೆಯ ಬಾರಿ ಕೈಯಲ್ಲಿ ಹಿಡಿದದ್ದು ಎರಡು ವರ್ಷದ ಹಿಂದಿನ ತರಬೇತಿ ಶಿಬಿರದಲ್ಲಾಗಿದ್ದರೆ, ಆ ನಿಮಿಷ ಕಳೆದುಹೋಗುತ್ತದೆ. ತರಬೇತಿಯಲ್ಲಿ ಕಲಿತದ್ದು ವಾರ ವಾರ ಗೊಂಬೆಯ ಮೇಲೆ ಅಭ್ಯಾಸ ಮಾಡದಿದ್ದರೆ ಕೈಯಲ್ಲಿ ಉಳಿಯುವುದಿಲ್ಲ.

ಮನೆಯ ಹೆರಿಗೆಗಳನ್ನು ಆಸ್ಪತ್ರೆಗೆ ತಂದರೆ ಸಾಕೆಂಬ ಲೆಕ್ಕಾಚಾರ ಎಡವಿದ್ದು ಇಲ್ಲಿಯೇ. ಭಾರತದಲ್ಲಿ 2005ರಲ್ಲಿ ಜನನಿ ಸುರಕ್ಷಾ ಯೋಜನೆ ಆರಂಭವಾಗಿ, ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರಿಗೆ ನಗದು ಸಹಾಯ ದೊರೆಯಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005–06ರಲ್ಲಿ ಶೇ 39ರಷ್ಟಿದ್ದ ಆಸ್ಪತ್ರೆ ಹೆರಿಗೆ 2015–16ಕ್ಕೆ ಶೇ 79ಕ್ಕೆ ಏರಿತು, ಅಂದರೆ ದುಪ್ಪಟ್ಟಾಯಿತು. ಅದೇ ಅವಧಿಯಲ್ಲಿ ನವಜಾತ ಶಿಶು ಮರಣ 1000ಕ್ಕೆ 39ರಿಂದ 29.5ಕ್ಕೆ, ಅಂದರೆ ಕಾಲುಭಾಗದಷ್ಟು ಮಾತ್ರ ಇಳಿಯಿತು. ಯೋಜನೆ ವ್ಯರ್ಥವಾಯಿತೆಂದು ಇದರ ಅರ್ಥವಲ್ಲ. ತಾಯಿ ಕಟ್ಟಡದ ಒಳಗೆ ಬಂದಳು, ಆರೈಕೆ ಅದೇ ವೇಗದಲ್ಲಿ ಒಳಗೆ ಬರಲಿಲ್ಲ ಎಂದಷ್ಟೇ. ಪಶ್ಚಿಮ ಬಂಗಾಳದ ಪುರುಲಿಯಾದಂಥ ಹಿಂದುಳಿದ ಜಿಲ್ಲೆಯ ಆಸ್ಪತ್ರೆಯಲ್ಲಿ 2003ರಲ್ಲೇ ನವಜಾತ ಶಿಶುಗಳಿಗೆ ಪ್ರತ್ಯೇಕ ಘಟಕ ತೆರೆದು ತೋರಿಸಲಾಗಿತ್ತು. ಆ ಮಾದರಿ ದೇಶದ ಇತರ ಜಿಲ್ಲೆಗಳಿಗೆ ಹರಡಲು ವರ್ಷಗಳು ಹಿಡಿದವು.

ಆರೈಕೆ ಇಲ್ಲದ ಕಡೆ ಒಳ್ಳೆಯ ಔಷಧಿಯೂ ಕೆಡುಕು ಮಾಡಬಹುದೆಂಬುದಕ್ಕೆ ಪುರಾವೆಯಿದೆ, ಇದನ್ನು ನೀತಿ ರೂಪಿಸುವವರು ಆಗಾಗ ನೆನಪಿಸಿಕೊಳ್ಳುವುದು ಒಳ್ಳೆಯದು. ತಿಂಗಳು ತುಂಬದೆ ಹೆರಿಗೆಯಾಗುವ ಸೂಚನೆಯಿದ್ದಾಗ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ; ಶ್ರೀಮಂತ ದೇಶಗಳಲ್ಲಿ ಇದು ಎಷ್ಟೋ ಕಾಲದಿಂದ ರೂಢಿಯಲ್ಲಿತ್ತು. ಇದನ್ನು ಬಡ ಸಮುದಾಯಗಳಲ್ಲಿ ಎಲ್ಲ ಹಂತದ ಹೆರಿಗೆ ಕೇಂದ್ರಗಳಿಗೂ ವಿಸ್ತರಿಸಿ ಆರು ದೇಶಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ತೀರಾ ಚಿಕ್ಕ ಶಿಶುಗಳ ಸಾವು ಇಳಿಯಲಿಲ್ಲ. ಒಟ್ಟಾರೆ ನವಜಾತ ಶಿಶುಗಳ ಸಾವು ಕೊಂಚ ಏರಿತು. ಗರ್ಭದ ವಾರಗಳನ್ನು ಸರಿಯಾಗಿ ಎಣಿಸಲು ಸಾಧ್ಯವಾಗದ ಕಡೆ, ಚುಚ್ಚುಮದ್ದು ಬೇಕಿಲ್ಲದ ಎಷ್ಟೋ ತಾಯಂದಿರಿಗೂ ಅದು ಹೋಗಿತ್ತು. ಐದು ವರ್ಷಗಳ ನಂತರ ಬಾಂಗ್ಲಾದೇಶ, ಭಾರತ, ಕೀನ್ಯಾ, ನೈಜೀರಿಯಾ ಮತ್ತು ಪಾಕಿಸ್ತಾನಗಳಲ್ಲಿ, ಸ್ಕ್ಯಾನಿಂಗ್ ಮಾಡಿ ವಾರ ಖಚಿತಪಡಿಸಿಕೊಳ್ಳುವ ಮತ್ತು ಹುಟ್ಟಿದ ಶಿಶುವನ್ನು ನೋಡಿಕೊಳ್ಳುವ ಸಾಮರ್ಥ್ಯವಿದ್ದ ಆಸ್ಪತ್ರೆಗಳಲ್ಲಿ ಅದೇ ಔಷಧಿಯನ್ನು ಪರೀಕ್ಷಿಸಿದಾಗ ಅದು ಜೀವ ಉಳಿಸಿತು. ಔಷಧಿ ಬದಲಾಗಿರಲಿಲ್ಲ, ಅದರ ಸುತ್ತ ಇದ್ದದ್ದು ಬದಲಾಗಿತ್ತು.

ಇದಕ್ಕೆ ಎದುರಾಗಿ, ಔಷಧಿಯೇ ಇಲ್ಲದ ಒಂದು ಚಿಕಿತ್ಸೆಯಿದೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಎಂಬ ಮಕ್ಕಳ ವೈದ್ಯರು, ಇನ್‌ಕ್ಯುಬೇಟರುಗಳು ಸಾಲದೆ ಒಂದರಲ್ಲೇ ಹಲವು ಕೂಸುಗಳನ್ನು ಮಲಗಿಸಬೇಕಾದ ಸ್ಥಿತಿ ಬಂದಾಗ, ಕಡಿಮೆ ತೂಕದ ಕೂಸುಗಳನ್ನು ತಾಯಿಯ ಎದೆಯ ಮೇಲೆ ಬರಿಮೈಗೆ ಬರಿಮೈ ತಾಗುವಂತೆ ನೆಟ್ಟಗೆ ಇಟ್ಟು ಬಟ್ಟೆಯಿಂದ ಕಟ್ಟುವ ಕ್ರಮವನ್ನು ಆರಂಭಿಸಿದರು. ಇದೇ ಈಗಿನ ಕಾಂಗರೂ ಆರೈಕೆ. ಮಗು ಮೊದಲು ಸ್ಥಿರಗೊಳ್ಳಲಿ, ಆಮೇಲೆ ತಾಯಿಗೆ ಕೊಡೋಣ ಎಂಬುದು ಬಹುಕಾಲದ ರೂಢಿಯಾಗಿತ್ತು. ಘಾನಾ, ಭಾರತ, ಮಲಾವಿ, ನೈಜೀರಿಯಾ, ತಾಂಜಾನಿಯಾಗಳ ಐದು ಆಸ್ಪತ್ರೆಗಳಲ್ಲಿ, 1 ಕಿಲೋದಿಂದ 1.8 ಕಿಲೋದೊಳಗಿನ ಶಿಶುಗಳನ್ನು ಹುಟ್ಟಿದ ಕೂಡಲೇ ಹೀಗೆ ತಾಯಿಯ ಎದೆಗೆ ಹಾಕಿದಾಗ ಸಾವು ಶೇ 15.7ರಿಂದ ಶೇ 12ಕ್ಕೆ ಇಳಿಯಿತೆಂದು 2021ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಲಾಭ ಸ್ಪಷ್ಟವಾದ್ದರಿಂದ ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ಖರ್ಚಿಲ್ಲದ ಚಿಕಿತ್ಸೆಯೆಂದು ಹೇಳಿ ಮುಗಿಸುವುದು ಮಾತ್ರ ಸರಿಯಲ್ಲ. ಶಿಶು ಘಟಕದೊಳಗೆ ತಾಯಿಗೂ ಹಾಸಿಗೆ ಬೇಕು, ಊಟ ಬೇಕು, ಶೌಚಾಲಯ ಬೇಕು. ಬಾಣಂತಿಯ ವೈದ್ಯಕೀಯ ತಪಾಸಣೆ ಅಲ್ಲಿಯೇ ನಡೆಯಬೇಕು. ಆಕೆಯ ಹಿಂದೆ ಮನೆಯಲ್ಲಿ ಉಳಿದ ಮಕ್ಕಳನ್ನು ಯಾರಾದರೂ ನೋಡಿಕೊಳ್ಳಬೇಕು. ತಾಯಿಯನ್ನು ಬಾಗಿಲ ಹೊರಗೆ ಕೂರಿಸಿ ದಿನಕ್ಕೆರಡು ಬಾರಿ ಗಾಜಿನಾಚೆಯಿಂದ ತೋರಿಸುವ ಘಟಕಗಳಲ್ಲಿ ಇದು ನಡೆಯುವುದಿಲ್ಲ.

ಆಸ್ಪತ್ರೆ ಸುಧಾರಿಸುವ ತನಕ ಹಳ್ಳಿಯ ಕೂಸು ಕಾಯಬೇಕೇ ಎಂಬ ಪ್ರಶ್ನೆಗೆ ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ದಂಪತಿ 1990ರ ದಶಕದಲ್ಲೇ ಉತ್ತರಿಸಿದ್ದಾರೆ. 39 ಹಳ್ಳಿಗಳಲ್ಲಿ, ಅಲ್ಪಸ್ವಲ್ಪ ಓದಿದ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಹೆರಿಗೆಯ ಹೊತ್ತಿಗೆ ಹಾಜರಿರುವುದು, ಕೂಸಿನ ತೂಕ ನೋಡುವುದು, ಮೈ ಬೆಚ್ಚಗಿಡುವುದು, ಉಸಿರು ಕಟ್ಟಿದ್ದಕ್ಕೆ ಗಾಳಿ ತುಂಬುವುದು, ಕಾಯಿಲೆಯಿಂದ ಹಾಲು ಕುಡಿಯುವುದನ್ನು ನಿಲ್ಲಿಸಿದ ಕೂಸಿಗೆ ಸೋಂಕಿನ ಚಿಕಿತ್ಸೆಯಾಗಿ ಜೆಂಟಮೈಸಿನ್ ಚುಚ್ಚುವುದು ಇವೆಲ್ಲವನ್ನೂ ಕಲಿಸಿದರು. ಮೂರನೆಯ ವರ್ಷದ ಹೊತ್ತಿಗೆ ಹೋಲಿಕೆಯ ಹಳ್ಳಿಗಳಿಗಿಂತ ನವಜಾತ ಶಿಶು ಮರಣ ಶೇ 62ರಷ್ಟು ಕಡಿಮೆಯಾಯಿತು. 1999ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಈ ಕೆಲಸ 2011ರಲ್ಲಿ ಆಶಾ ಕಾರ್ಯಕರ್ತೆಯರ ಮನೆಭೇಟಿಯ ರೂಪದಲ್ಲಿ ದೇಶವ್ಯಾಪಿಯಾಯಿತು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ 42 ದಿನಗಳಲ್ಲಿ ಆರು ಭೇಟಿ, ಮನೆಯಲ್ಲಿ ಹುಟ್ಟಿದ್ದಕ್ಕೆ ಏಳು. ಎಲ್ಲ ಭೇಟಿ ಮುಗಿಸಿದರೆ ಆಕೆಗೆ ನಿಗದಿಯಾದ ಪ್ರೋತ್ಸಾಹಧನ 250 ರೂಪಾಯಿ. ಇಥಿಯೋಪಿಯಾ ತನ್ನ 2003ರ ಆರೋಗ್ಯ ವಿಸ್ತರಣಾ ಕಾರ್ಯಕ್ರಮದಲ್ಲಿ ಇಂಥ ಕೆಲಸಕ್ಕೆ ಯುವತಿಯರನ್ನು ಸಂಬಳದ ನೌಕರರನ್ನಾಗಿ ನೇಮಿಸಿಕೊಂಡಿತು. ಸಮುದಾಯ ಆರೋಗ್ಯ ಕಾರ್ಯಕರ್ತರಿಗೆ ಮಾಡುವ ಕೆಲಸಕ್ಕೆ ತಕ್ಕ ಸಂಬಳ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಶಿಫಾರಸು ಮಾಡಿದೆ. ಜಗತ್ತಿನ ಅತಿ ಬೆಲೆಬಾಳುವ ಸಾರ್ವಜನಿಕ ಸೇವೆಯೊಂದನ್ನು ಹೆಂಗಸರ ‘ಸ್ವಯಂಸೇವೆ’ ಎಂಬ ಹೆಸರಿನಲ್ಲಿ ಅಗ್ಗವಾಗಿ ಪಡೆಯುತ್ತಿರುವುದನ್ನು ಮಿತವ್ಯಯ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಆಸ್ಪತ್ರೆ ಮತ್ತು ಆಶಾ ಇಬ್ಬರ ಕೈಗೂ ಪೂರ್ತಿ ಸಿಗದ ಕಾರಣಗಳೂ ಇವೆ. ಐದು ವರ್ಷದೊಳಗಿನ ಸಾವುಗಳಲ್ಲಿ ಸುಮಾರು ಅರ್ಧಕ್ಕೆ ಅಪೌಷ್ಟಿಕತೆಯ ನಂಟಿದೆ, ಆದರೆ ಮರಣದ ಕಾರಣ ಬರೆಯುವಾಗ ಭೇದಿ, ಜ್ವರ ಎಂದು ಬರೆಯುವುದೇ ರೂಢಿ. ತಾಯಿಯ ಓದಿನ ಪಾತ್ರವೂ ದೊಡ್ಡದು: 1970ರಿಂದ 2009ರವರೆಗೆ ತಪ್ಪಿದ ಮಕ್ಕಳ ಸಾವುಗಳಲ್ಲಿ ಸುಮಾರು ಅರ್ಧದಷ್ಟನ್ನು ಹೆಣ್ಣುಮಕ್ಕಳ ಶಿಕ್ಷಣದ ಏರಿಕೆಗೆ ಸಲ್ಲಿಸಬಹುದೆಂದು 2010ರ ಒಂದು ವಿಶ್ಲೇಷಣೆ ಲೆಕ್ಕ ಹಾಕಿತ್ತು. ಓದಿದ ತಾಯಿ ಔಷಧಿಯ ಚೀಟಿ ಓದುತ್ತಾಳೆ ಎಂಬುದಕ್ಕಿಂತ, ಮಗುವನ್ನು ಈಗಲೇ ಆಸ್ಪತ್ರೆಗೆ ಒಯ್ಯಬೇಕೆಂದು ಮನೆಯಲ್ಲಿ ಗಟ್ಟಿಯಾಗಿ ಹೇಳುತ್ತಾಳೆ ಎಂಬುದೇ ಇಲ್ಲಿ ಹೆಚ್ಚು ಕೆಲಸ ಮಾಡುತ್ತದೆ.

2030ರೊಳಗೆ ಪ್ರತಿ ದೇಶವೂ ಐದು ವರ್ಷದೊಳಗಿನ ಮರಣವನ್ನು 1000ಕ್ಕೆ 25ಕ್ಕೆ, ನವಜಾತ ಶಿಶು ಮರಣವನ್ನು 12ಕ್ಕೆ ಇಳಿಸಬೇಕೆಂಬುದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿ. ಈಗಿನ ವೇಗದಲ್ಲಿ ಸುಮಾರು 60 ದೇಶಗಳು ಈ ಗುರಿ ತಪ್ಪುತ್ತವೆ. ಬಾಂಗ್ಲಾದೇಶ, ನೇಪಾಳಗಳು ಗುರಿಯ ಹತ್ತಿರ ಬಂದಿದ್ದರೆ, ನೈಜೀರಿಯಾ, ನೈಜರ್, ಸೊಮಾಲಿಯಾಗಳಲ್ಲಿ 2022ರಲ್ಲೂ ಐದು ವರ್ಷದೊಳಗಿನ ಮರಣ 1000ಕ್ಕೆ 100ಕ್ಕಿಂತ ಮೇಲಿತ್ತು. 2015ರ ನಂತರ ಇಳಿಕೆಯ ವೇಗವೇ ತಗ್ಗಿದೆ. ಅದರ ಮೇಲೆ 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆಯಾದ ಯುಎಸ್‌ಏಡ್ ಅನ್ನು ಮುಚ್ಚಿತು, ಲಸಿಕೆ ಒಕ್ಕೂಟ ಗಾವಿಗೆ ಹಣ ಕೊಡುವುದಿಲ್ಲವೆಂದು ಘೋಷಿಸಿತು. ಹೊರಗಿನ ಹಣದಲ್ಲಿ ಸಂಬಳ ಪಡೆಯುತ್ತಿದ್ದ ಕಾರ್ಯಕರ್ತರು ಇದರಿಂದ ಮೊದಲು ಕೆಲಸ ಕಳೆದುಕೊಳ್ಳುತ್ತಾರೆ. ಗೋದಾಮಿನಲ್ಲಿರುವ ಪೊಟ್ಟಣಗಳು ಇನ್ನೂ ಕೆಲವು ತಿಂಗಳು ಇರುತ್ತವೆ.

ಅದೇ ವರ್ಷ, ಹೆಚ್ಚು ಸದ್ದಾಗದೆ, ಇನ್ನೊಂದು ಪೆಟ್ಟೂ ಬಿತ್ತು. ಜನನ ಮರಣ ನೋಂದಣಿ ದುರ್ಬಲವಾಗಿರುವ ದೇಶಗಳಲ್ಲಿ ಎಷ್ಟು ಮಕ್ಕಳು ಸಾಯುತ್ತಿದ್ದಾರೆಂದು ತಿಳಿಯುವುದು ಮನೆಮನೆಗೆ ಹೋಗಿ, ತಾಯಂದಿರಿಗೆ ಹುಟ್ಟಿದ ಪ್ರತಿಯೊಂದು ಮಗುವಿನ ವಿವರ ಕೇಳಿ ಬರೆದುಕೊಳ್ಳುವ ಸಮೀಕ್ಷೆಗಳಿಂದ. 1980ರ ದಶಕದಿಂದ ಹಲವು ದೇಶಗಳಲ್ಲಿ ಇಂಥ ಸಮೀಕ್ಷೆಗಳಿಗೆ ಆಧಾರವಾಗಿದ್ದ ಅಮೆರಿಕದ ನೆರವು 2025ರ ಫೆಬ್ರವರಿಯಲ್ಲಿ ನಿಂತಿತು, ಆಮೇಲೆ ಖಾಸಗಿ ಪ್ರತಿಷ್ಠಾನದ ಹಣದಿಂದ ಭಾಗಶಃ ಮುಂದುವರಿಯಿತು. ಲೆಕ್ಕದಿಂದ ಜಾರಿಹೋಗಲು ಅತಿ ಸುಲಭವಾದದ್ದು ಮೊದಲ ದಿನದ ಸಾವೇ. ಮೂರು ಗಂಟೆ ಬದುಕಿದ್ದ ಮಗುವನ್ನು ಸತ್ತೇ ಹುಟ್ಟಿತೆಂದು ಬರೆಯುವುದುಂಟು, ಏನನ್ನೂ ಬರೆಯದೆ ಬಿಡುವುದೂ ಉಂಟು. ಹೆಸರಿಡದ ಕೂಸಿಗೆ ಜನನ ಪತ್ರವೂ ಮರಣ ಪತ್ರವೂ ಯಾರಿಗೂ ಬೇಕಾಗುವುದಿಲ್ಲ. ಮುಂದಿನ ವರ್ಷದ ಬೇಡಿಕೆ ಪಟ್ಟಿ ತಯಾರಾಗುವಾಗ, ಆ ಹೆರಿಗೆ ಕೇಂದ್ರಕ್ಕೆ ಗಾಳಿ ತುಂಬುವ ಇನ್ನೊಂದು ಚೀಲ, ರಾತ್ರಿ ಪಾಳಿಗೆ ಇನ್ನೊಬ್ಬ ದಾದಿ ಬೇಕೆಂದು ಕೇಳಲು ಅಲ್ಲಿನ ದಾಖಲೆ ಪುಸ್ತಕದಲ್ಲಿ ಆಧಾರವೇ ಇರುವುದಿಲ್ಲ.